ಅರೆನಾಲ್ ಜ್ವಾಲಾಮುಖಿ ಪ್ರದೇಶದ ಸಾಹಸ ಪ್ರವಾಸೋದ್ಯಮ

ಅರೆನಾಲ್ ಜ್ವಾಲಾಮುಖಿ ಪ್ರದೇಶವು ಮಧ್ಯ ಅಮೆರಿಕದ ಕೋಸ್ಟಾ ರಿಕಾ ದೇಶದ ಉತ್ತರ ಭಾಗದಲ್ಲಿರುವ ಒಂದು ಪ್ರಸಿದ್ಧ ಪ್ರವಾಸಿ ತಾಣ. ಉಷ್ಣವಲಯದ ದಟ್ಟ ಮಳೆಕಾಡು, ಶಂಕುವಿನಾಕಾರದ ಅಗ್ನಿಪರ್ವತ, ವಿಶಾಲವಾದ ಸರೋವರ, ಜಲಪಾತಗಳು ಹಾಗೂ ಬಿಸಿನೀರಿನ ಬುಗ್ಗೆಗಳು ಇಲ್ಲಿ ಒಂದೇ ಕಡೆ ಕಾಣಸಿಗುತ್ತವೆ. ಈ ಕಾರಣದಿಂದ ಚಾರಣ, ತೂಗುಸೇತುವೆಗಳ ನಡಿಗೆ, ಜಿಪ್‌ಲೈನ್, ನದಿಯಲ್ಲಿ ತೆಪ್ಪ ಸವಾರಿ, ಗುಹಾ ಪ್ರವೇಶ, ಕಯಾಕಿಂಗ್ ಮುಂತಾದ ಹೊರಾಂಗಣ ಸಾಹಸ ಚಟುವಟಿಕೆಗಳು ಇಲ್ಲಿ ಬೆಳೆದಿವೆ. ಈ ಚಟುವಟಿಕೆಗಳ ಕೇಂದ್ರ ಜ್ವಾಲಾಮುಖಿಯ ಪೂರ್ವದ ತಪ್ಪಲಿನಲ್ಲಿರುವ ಲಾ ಫೋರ್ಟುನಾ ಎಂಬ ಪಟ್ಟಣ.

ಅರೆನಾಲ್ 1968ರಲ್ಲಿ ಭೀಕರವಾಗಿ ಸ್ಫೋಟಿಸಿ ಹಳ್ಳಿಗಳನ್ನು ನಾಶಮಾಡಿತು. ಅನಂತರ 2010ರವರೆಗೆ, ಅಂದರೆ ನಾಲ್ಕು ದಶಕಗಳಿಗೂ ಹೆಚ್ಚು ಕಾಲ, ಅದು ನಿರಂತರವಾಗಿ ಸಕ್ರಿಯವಾಗಿತ್ತು. ಈಗ ಅದು ವಿಶ್ರಾಂತ ಸ್ಥಿತಿಯಲ್ಲಿದೆಯಾದರೂ ನಂದಿಹೋದ ಜ್ವಾಲಾಮುಖಿಯಲ್ಲ. ಆದುದರಿಂದ ಇಲ್ಲಿಯ ಸಾಹಸ ಪ್ರವಾಸೋದ್ಯಮವನ್ನು ಅದರ ಆಕರ್ಷಣೆ ಮತ್ತು ಅಪಾಯ ಎರಡನ್ನೂ ಗಮನದಲ್ಲಿರಿಸಿಕೊಂಡೇ ಅರಿಯಬೇಕಾಗುತ್ತದೆ.

ಭೌಗೋಳಿಕ ಹಿನ್ನೆಲೆ

ಅರೆನಾಲ್ ಜ್ವಾಲಾಮುಖಿಯು ಅಲಹುವೆಲಾ ಪ್ರಾಂತ್ಯದಲ್ಲಿ, ರಾಜಧಾನಿ ಸಾನ್ ಹೋಸೆ ನಗರದಿಂದ ನೇರ ಅಂತರದಲ್ಲಿ ಸುಮಾರು 90 ಕಿ.ಮೀ. ವಾಯವ್ಯಕ್ಕಿದೆ. ಇದರ ಎತ್ತರ ಸಮುದ್ರಮಟ್ಟದಿಂದ ಸುಮಾರು 1,670 ಮೀಟರ್. ಎತ್ತರದ ಲೆಕ್ಕದಲ್ಲಿ ಇದು ದೇಶದ ದೊಡ್ಡ ಪರ್ವತವೇನಲ್ಲ. ಆದರೆ ಸುತ್ತಲಿನ ತಗ್ಗು ನೆಲದಿಂದ ಒಮ್ಮೆಲೇ ಮೇಲೇಳುವುದರಿಂದ ಬಹುದೂರದಿಂದಲೂ ಎದ್ದು ಕಾಣುತ್ತದೆ. ಲಾವಾ ಮತ್ತು ಬೂದಿಯ ಪದರಗಳು ಒಂದರ ಮೇಲೊಂದು ಶೇಖರಗೊಂಡು ರೂಪುಗೊಂಡ ಈ ಬಗೆಯ ಪರ್ವತವನ್ನು ಸ್ತರ ಜ್ವಾಲಾಮುಖಿ ಎನ್ನುತ್ತಾರೆ. ಕೋಸ್ಟಾ ರಿಕಾದ ಸ್ತರ ಜ್ವಾಲಾಮುಖಿಗಳಲ್ಲಿ ಅರೆನಾಲ್ ಅತ್ಯಂತ ಕಿರಿಯದು. ಇದರ ವಯಸ್ಸು ಕೆಲವೇ ಸಾವಿರ ವರ್ಷಗಳು.

ಪೆಸಿಫಿಕ್ ಸಾಗರದ ತಳದಲ್ಲಿರುವ ಕೋಕೋಸ್ ಭೂಫಲಕವು ಕೆರಿಬಿಯನ್ ಭೂಫಲಕದ ಅಡಿಗೆ ನಿಧಾನವಾಗಿ ಜಾರುತ್ತಿದೆ. ಹೀಗೆ ಆಳಕ್ಕಿಳಿದ ಫಲಕದಿಂದ ಹೊರಬರುವ ನೀರಿನಂಶವು ಮೇಲಿನ ಬಿಸಿಯಾದ ಶಿಲೆಯ ಕರಗುವ ಉಷ್ಣತೆಯನ್ನು ತಗ್ಗಿಸುತ್ತದೆ. ಕರಗಿದ ಶಿಲಾರಸವು ಮೇಲೇರಿ ಬಂದು ದೇಶದ ಉದ್ದಕ್ಕೂ ಜ್ವಾಲಾಮುಖಿಗಳ ಸಾಲನ್ನು ನಿರ್ಮಿಸಿದೆ. ಪೊವಾಸ್, ಇರಾಸು, ತುರ್ರಿಯಾಲ್ಬ, ತೆನೊರಿಯೊ, ರಿಂಕಾನ್ ದೆ ಲಾ ವಿಯೆಹಾ ಮೊದಲಾದವು ಇದೇ ಸಾಲಿಗೆ ಸೇರಿದವು.

ಅರೆನಾಲ್‌ನ ಆಗ್ನೇಯ ಪಾರ್ಶ್ವಕ್ಕೆ ಹೊಂದಿಕೊಂಡು ಸೆರ್ರೊ ಚಾಟೊ ಎಂಬ ಹಳೆಯ ಜ್ವಾಲಾಮುಖಿಯಿದೆ. ಅದು ಕೊನೆಯ ಬಾರಿಗೆ ಸ್ಫೋಟಿಸಿ ಮೂರು ಸಾವಿರಕ್ಕೂ ಹೆಚ್ಚು ವರ್ಷಗಳಾಗಿವೆ. ಅದರ ಬಾಯಿಯಲ್ಲಿ ಹಸಿರು ಬಣ್ಣದ ಕೊಳವಿದೆ. ಪಶ್ಚಿಮಕ್ಕೆ ಸುಮಾರು 85 ಚದರ ಕಿ.ಮೀ. ವಿಸ್ತೀರ್ಣದ ಅರೆನಾಲ್ ಸರೋವರವಿದ್ದು, ಇದು ದೇಶದ ಅತಿ ದೊಡ್ಡ ಸರೋವರವಾಗಿದೆ.

ಹವಾಮಾನ

ಕೋಸ್ಟಾ ರಿಕಾದ ಪೆಸಿಫಿಕ್ ಪಾರ್ಶ್ವದಲ್ಲಿ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಸ್ಪಷ್ಟವಾದ ಒಣ ಋತುವೂ, ಮೇ ತಿಂಗಳಿನಿಂದ ನವೆಂಬರ್‌ವರೆಗೆ ಮಳೆಗಾಲವೂ ಇರುತ್ತವೆ. ಲಾ ಫೋರ್ಟುನಾ ಕೆರಿಬಿಯನ್ ಪಾರ್ಶ್ವದ ಇಳಿಜಾರಿನಲ್ಲಿದೆ. ಸಮುದ್ರದ ಕಡೆಯಿಂದ ಬೀಸುವ ತೇವಭರಿತ ವಾಣಿಜ್ಯ ಮಾರುತಗಳು ಇಲ್ಲಿಯ ಬೆಟ್ಟಗಳಿಗೆ ತಾಗಿ ಮೇಲೇರುವುದರಿಂದ ವರ್ಷದ ಯಾವ ತಿಂಗಳಲ್ಲಿಯೂ ಮಳೆ ಬೀಳಬಹುದು. ಒಣ ಋತುವೆಂದು ನಂಬಿ ಬಂದವರು ದಿನವಿಡೀ ಜಿನುಗುವ ಮಳೆಯನ್ನು ಕಾಣುವುದುಂಟು. ಪರ್ವತದ ಶಿಖರವು ಬಹುಪಾಲು ಸಮಯ ಮೋಡದಲ್ಲಿ ಮರೆಯಾಗಿರುತ್ತದೆ. ಮುಂಜಾನೆಯ ವೇಳೆಯಲ್ಲಿ ಅದು ಪೂರ್ಣವಾಗಿ ಗೋಚರಿಸುವ ಸಾಧ್ಯತೆ ಹೆಚ್ಚು.

1968ರ ಸ್ಫೋಟ

1968ಕ್ಕೆ ಮುನ್ನ ಅರೆನಾಲ್ ಹಲವು ಶತಮಾನಗಳ ಕಾಲ ಮೌನವಾಗಿತ್ತು. ಅದರ ಇಳಿಜಾರುಗಳನ್ನು ತುದಿಯವರೆಗೂ ಕಾಡು ಆವರಿಸಿತ್ತು. ಸುತ್ತಲಿನ ರೈತರು ಅದನ್ನು ಒಂದು ಸಾಮಾನ್ಯ ಬೆಟ್ಟವೆಂದೇ ಭಾವಿಸಿ ತಪ್ಪಲಿನಲ್ಲಿ ದನಗಳನ್ನು ಮೇಯಿಸಿ, ಬೇಸಾಯ ಮಾಡಿಕೊಂಡು ಬದುಕುತ್ತಿದ್ದರು.

1968ರ ಜುಲೈ 29ರ ಬೆಳಿಗ್ಗೆ, ಹಿಂದಿನ ರಾತ್ರಿಯಿಂದ ಮರುಕಳಿಸುತ್ತಿದ್ದ ಭೂಕಂಪನಗಳ ಬಳಿಕ, ಪರ್ವತದ ಪಶ್ಚಿಮ ಪಾರ್ಶ್ವವು ಸ್ಫೋಟಿಸಿತು. ಅಲ್ಲಿ ಮೂರು ಹೊಸ ಕುಂಡಗಳು ತೆರೆದುಕೊಂಡವು. ಬೃಹತ್ ಬಂಡೆಗಳು ಸುಮಾರು 5 ಕಿ.ಮೀ. ದೂರದವರೆಗೂ ಸಿಡಿದು, ಬಿದ್ದಲ್ಲಿ ನೆಲವನ್ನು ಗುಂಡಿಗಳಾಗಿ ಕೊರೆದವು. ಕಾದ ಅನಿಲ, ಬೂದಿ ಹಾಗೂ ಕಲ್ಲುಗಳ ಪ್ರವಾಹವು ಟಬಕೋನ್ ಮತ್ತು ಪ್ವೆಬ್ಲೊ ನ್ವೆವೊ ಎಂಬ ಹಳ್ಳಿಗಳನ್ನು ಅಳಿಸಿಹಾಕಿತು. ಸುಮಾರು 80 ಮಂದಿ ಪ್ರಾಣ ಕಳೆದುಕೊಂಡರು. ಸ್ಫೋಟಗಳು ಕೆಲವು ದಿನ ಮುಂದುವರಿದುದರಿಂದ ಪರಿಹಾರ ಕಾರ್ಯಕ್ಕೆ ತೆರಳಿದವರೂ ಅಪಾಯಕ್ಕೆ ಸಿಲುಕಿದರು.

ಪರ್ವತದ ಇನ್ನೊಂದು ಪಾರ್ಶ್ವದಲ್ಲಿದ್ದ ಲಾ ಫೋರ್ಟುನಾ ಉಳಿದುಕೊಂಡಿತು. ಸ್ಪ್ಯಾನಿಷ್ ಭಾಷೆಯಲ್ಲಿ ‘ಫೋರ್ಟುನಾ’ ಎಂದರೆ ಅದೃಷ್ಟ. ಸ್ಫೋಟದಿಂದ ಪಾರಾದ ಕಾರಣ ಊರಿಗೆ ಈ ಹೆಸರು ಬಂದಿತೆಂಬ ಕಥೆ ಪ್ರವಾಸಿಗರಲ್ಲಿ ಪ್ರಚಲಿತವಾಗಿದೆ. ಆದರೆ ಇದು ನಿಜವಲ್ಲ. ಮೊದಲು ಎಲ್ ಬೊರಿಯೊ ಎಂದು ಕರೆಯಲ್ಪಡುತ್ತಿದ್ದ ಈ ಊರು ಸ್ಫೋಟಕ್ಕಿಂತ ಮೊದಲೇ ಲಾ ಫೋರ್ಟುನಾ ಎಂಬ ಹೆಸರನ್ನು ಪಡೆದಿತ್ತು.

ಪ್ರವಾಸೋದ್ಯಮದ ಬೆಳವಣಿಗೆ

1968ರ ಬಳಿಕ ಅರೆನಾಲ್ ಲಾವಾವನ್ನು ಹೊರಹಾಕುತ್ತಲೇ ಹೋಯಿತು. ರಾತ್ರಿಯ ವೇಳೆ ಕೆಂಡದಂತಹ ಬಂಡೆಗಳು ಇಳಿಜಾರಿನಲ್ಲಿ ಉರುಳುವುದು ದೂರದಿಂದಲೇ ಕಾಣುತ್ತಿತ್ತು. ಪರ್ವತದ ಗುಡುಗು ಕೇಳುತ್ತಿತ್ತು. ಮೊದಲು ವಿಜ್ಞಾನಿಗಳೂ ಅನಂತರ ಪ್ರವಾಸಿಗರೂ ಈ ದೃಶ್ಯವನ್ನು ನೋಡಲು ಬರಲಾರಂಭಿಸಿದರು. 1990ರ ದಶಕದ ಆರಂಭದಲ್ಲಿ ಸುಮಾರು 12,000 ಹೆಕ್ಟೇರ್ ಪ್ರದೇಶವನ್ನು ಒಳಗೊಂಡು ಅರೆನಾಲ್ ಜ್ವಾಲಾಮುಖಿ ರಾಷ್ಟ್ರೀಯ ಉದ್ಯಾನ ರೂಪುಗೊಂಡಿತು. ಕೃಷಿಯನ್ನೇ ನಂಬಿದ್ದ ಲಾ ಫೋರ್ಟುನಾದಲ್ಲಿ ವಸತಿಗೃಹಗಳು, ಉಪಾಹಾರ ಗೃಹಗಳು, ಮಾರ್ಗದರ್ಶಕರ ಸಂಸ್ಥೆಗಳು ತಲೆಯೆತ್ತಿದವು.

2010ರ ಕೊನೆಯ ಭಾಗದಲ್ಲಿ ಲಾವಾ ಹರಿಯುವುದು ನಿಂತಿತು. ಪ್ರವಾಸಿಗರನ್ನು ಸೆಳೆದ ಮುಖ್ಯ ದೃಶ್ಯವೇ ಇಲ್ಲದಾದಾಗ ಊರಿನ ಜೀವನೋಪಾಯಕ್ಕೆ ಧಕ್ಕೆಯೊದಗುವ ಸಂಭವವಿತ್ತು. ಹಾಗಾಗಲಿಲ್ಲ. ಅದಾಗಲೇ ಬೆಳೆದಿದ್ದ ಸಾಹಸ ಚಟುವಟಿಕೆಗಳು ಮತ್ತು ಬಿಸಿನೀರಿನ ಬುಗ್ಗೆಗಳು ಪ್ರವಾಸೋದ್ಯಮವನ್ನು ಎತ್ತಿಹಿಡಿದವು. ಹಿಂದೆ ಪರ್ವತವನ್ನು ನೋಡಲು ಬರುತ್ತಿದ್ದವರ ಸ್ಥಾನದಲ್ಲಿ ಅದರ ಸುತ್ತಲಿನ ಕಾಡು, ನದಿ, ಸರೋವರಗಳಲ್ಲಿ ಕಾಲ ಕಳೆಯಲು ಬರುವವರು ಹೆಚ್ಚಾದರು.

ಪ್ರಮುಖ ಚಟುವಟಿಕೆಗಳು

ಚಾರಣ

ರಾಷ್ಟ್ರೀಯ ಉದ್ಯಾನದಲ್ಲಿ ಗುರುತಿಸಲಾದ ಕಾಲುದಾರಿಗಳಿವೆ. ಇವುಗಳಲ್ಲಿ ಹೆಚ್ಚಿನವು ಸಮತಟ್ಟಾಗಿದ್ದು, ಸಾಮಾನ್ಯ ದೇಹದಾರ್ಢ್ಯವುಳ್ಳವರೂ ನಡೆಯಬಹುದಾದಂಥವು. ‘ಲಾಸ್ ಕೊಲಾಡಾಸ್’ ಎಂಬ ದಾರಿಯು 1992ರಲ್ಲಿ ಹರಿದು ಹೆಪ್ಪುಗಟ್ಟಿದ ಲಾವಾದ ಬಯಲಿಗೆ ಕರೆದೊಯ್ಯುತ್ತದೆ. ಮೊದಲು ಕಾಡಿನ ನೆರಳಿನಲ್ಲಿ ಸಾಗುವ ದಾರಿಯು ಕೊನೆಗೆ ಕಪ್ಪು ಬಂಡೆಗಳ ರಾಶಿಯ ಮೇಲೇರುತ್ತದೆ. ಅಲ್ಲಿಂದ ಒಂದು ಕಡೆ ಶಿಖರವೂ ಇನ್ನೊಂದು ಕಡೆ ಸರೋವರವೂ ಕಾಣುತ್ತವೆ. ಉದ್ಯಾನದ ಇನ್ನೊಂದು ಭಾಗದಲ್ಲಿ ಅಗಲವಾದ ಹಲಗೆಬೇರುಗಳುಳ್ಳ ಭಾರಿ ಸೆಯ್ಬಾ ಮರವಿದ್ದು, ಬೂರುಗದ ಜಾತಿಗೆ ಹತ್ತಿರದ ಈ ಮರವು ಚಾರಣಿಗರ ಆಕರ್ಷಣೆಯಾಗಿದೆ.

ಲಾವಾ ಬಯಲಿನ ನಡಿಗೆಯು ಪ್ರಕೃತಿಯ ಪಾಠವೂ ಹೌದು. ಬರಿಯ ಕಲ್ಲಿನ ಮೇಲೆ ಮೊದಲು ಕಲ್ಲುಹೂವು ಮತ್ತು ಪಾಚಿ, ಅನಂತರ ಜರೀಗಿಡ, ಹುಲ್ಲು, ಆರ್ಕಿಡ್‌ಗಳು, ಕೊನೆಗೆ ಪೊದೆ ಹಾಗೂ ಮರಗಳು ನೆಲೆಯೂರುವ ಕ್ರಮವನ್ನು ಬೇರೆ ಬೇರೆ ಕಾಲದ ಲಾವಾ ಹರಿವುಗಳನ್ನು ಹೋಲಿಸಿ ನೋಡಿ ತಿಳಿಯಬಹುದು. 1968ರಲ್ಲಿ ಸುಟ್ಟುಹೋದ ಭಾಗಗಳಲ್ಲಿ ಇಂದು ಎಳೆಯ ಕಾಡು ಬೆಳೆದಿದೆ.

ಅರೆನಾಲ್‌ನ ಶಿಖರವನ್ನು ಏರುವುದನ್ನು ನಿಷೇಧಿಸಲಾಗಿದೆ. ಸೆರ್ರೊ ಚಾಟೊದ ಹಸಿರು ಕೊಳಕ್ಕೆ ಹೋಗುವ ಕಡಿದಾದ ದಾರಿಯನ್ನೂ ಸಾರ್ವಜನಿಕರಿಗೆ ಮುಚ್ಚಲಾಗಿದೆ. ಹಳೆಯ ಪ್ರವಾಸಿ ಕೈಪಿಡಿಗಳಲ್ಲಿ ಈ ದಾರಿಯ ವರ್ಣನೆ ಇನ್ನೂ ಉಳಿದಿರುವುದರಿಂದ ಕೆಲವರು ಅದು ತೆರೆದಿದೆಯೆಂದು ತಪ್ಪು ತಿಳಿಯುತ್ತಾರೆ.

ತೂಗುಸೇತುವೆ ಮತ್ತು ಜಿಪ್‌ಲೈನ್

ಮಳೆಕಾಡಿನ ಜೀವಿಗಳಲ್ಲಿ ಬಹುಪಾಲು ನೆಲದ ಮೇಲಲ್ಲ, ಮರಗಳ ತುದಿಯ ಎಲೆಚಪ್ಪರದಲ್ಲಿ ವಾಸಿಸುತ್ತವೆ. ನೆಲದಿಂದ ನೋಡುವವರಿಗೆ ಅವು ಕಾಣಿಸುವುದು ವಿರಳ. ಈ ಕೊರತೆಯನ್ನು ನೀಗಿಸಲು ಕಣಿವೆಗಳಿಗೆ ಅಡ್ಡಲಾಗಿ ಉಕ್ಕಿನ ತಂತಿಗಳಿಂದ ತೂಗುಸೇತುವೆಗಳನ್ನು ಕಟ್ಟಲಾಗಿದೆ. ಸರೋವರದ ಅಣೆಕಟ್ಟಿನ ಸಮೀಪದಲ್ಲಿರುವ ಇಂತಹ ಒಂದು ಖಾಸಗಿ ಕಾಡಿನಲ್ಲಿ ಸುಮಾರು 3 ಕಿ.ಮೀ. ಉದ್ದದ ಸುತ್ತುದಾರಿಯಲ್ಲಿ ಹಲವು ಸೇತುವೆಗಳಿವೆ. ವಯಸ್ಸಾದವರೂ ಮಕ್ಕಳೂ ನಿಧಾನವಾಗಿ ನಡೆಯಬಹುದಾದ ಚಟುವಟಿಕೆ ಇದು.

ಜಿಪ್‌ಲೈನ್ ಎಂದರೆ ಎತ್ತರದ ಕಟ್ಟೆಯಿಂದ ತಗ್ಗಿನ ಕಟ್ಟೆಗೆ ಬಿಗಿದ ಉಕ್ಕಿನ ಹಗ್ಗದ ಮೇಲೆ, ರಾಟೆಗೆ ಕಟ್ಟಿದ ಪಟ್ಟಿಗಳಲ್ಲಿ ಕುಳಿತು ಜಾರುವ ಕ್ರೀಡೆ. ಇದರ ಮೂಲ ವಿಜ್ಞಾನಿಗಳ ಕೆಲಸದಲ್ಲಿದೆ. ಡೊನಾಲ್ಡ್ ಪೆರಿ ಎಂಬ ಅಮೆರಿಕದ ಜೀವವಿಜ್ಞಾನಿ ಎಲೆಚಪ್ಪರದ ಅಧ್ಯಯನಕ್ಕಾಗಿ 1970ರ ದಶಕದಿಂದ ಕೋಸ್ಟಾ ರಿಕಾದ ಕಾಡುಗಳಲ್ಲಿ ಹಗ್ಗಗಳ ವ್ಯವಸ್ಥೆಯನ್ನು ಬಳಸಿದವರಲ್ಲಿ ಪ್ರಮುಖರು. 1990ರ ದಶಕದಲ್ಲಿ ಮೊಂಟೆವೆರ್ಡೆ ಪ್ರದೇಶದಲ್ಲಿ ಇದೇ ತತ್ತ್ವವನ್ನು ಪ್ರವಾಸಿಗರಿಗಾಗಿ ಅಳವಡಿಸಲಾಯಿತು. ಅಲ್ಲಿಂದ ಅರೆನಾಲ್‌ಗೂ, ಮುಂದೆ ಪ್ರಪಂಚದ ಅನೇಕ ದೇಶಗಳಿಗೂ ಅದು ಹರಡಿತು. ಅರೆನಾಲ್ ಪ್ರದೇಶದ ಕೆಲವು ಹಗ್ಗಗಳು ನೂರಾರು ಮೀಟರ್ ಉದ್ದವಿದ್ದು, ಕಣಿವೆಯ ಮೇಲೆ ಸಾಗುವಾಗ ಸರೋವರವೂ ಜ್ವಾಲಾಮುಖಿಯೂ ಗೋಚರಿಸುತ್ತವೆ. ಸಿಡಿಲಿನ ಸೂಚನೆಯಿರುವಾಗ ಲೋಹದ ಹಗ್ಗದ ಮೇಲೆ ಸಾಗುವುದು ಅಪಾಯಕರವಾದುದರಿಂದ ಅಂತಹ ವೇಳೆಯಲ್ಲಿ ಚಟುವಟಿಕೆಯನ್ನು ನಿಲ್ಲಿಸಬೇಕಾಗುತ್ತದೆ.

ಜಲಪಾತ ಮತ್ತು ಕೊರಕಲು ಇಳಿತ

ಲಾ ಫೋರ್ಟುನಾ ಜಲಪಾತವು ಪಟ್ಟಣದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿದೆ. ಸುಮಾರು 70 ಮೀಟರ್ ಎತ್ತರದಿಂದ ನೀರು ಒಂದೇ ಧಾರೆಯಾಗಿ ಧುಮುಕುತ್ತದೆ. ಜಲಪಾತದ ಬುಡವನ್ನು ತಲುಪಲು ಸುಮಾರು 500 ಮೆಟ್ಟಿಲುಗಳನ್ನು ಇಳಿಯಬೇಕು. ಹಿಂದಿರುಗುವಾಗ ಅಷ್ಟನ್ನೂ ಹತ್ತಬೇಕು. ಧಾರೆಯು ಬೀಳುವ ಮಡುವಿನಲ್ಲಿ ಸೆಳೆತ ಪ್ರಬಲವಾಗಿರುವುದರಿಂದ ಈಜುವವರು ಕೆಳಭಾಗದ ಶಾಂತ ನೀರನ್ನು ಆರಿಸಿಕೊಳ್ಳುವುದು ಸೂಕ್ತ.

ಕೊರಕಲು ಇಳಿತ ಎಂಬುದು ಕಿರಿದಾದ ಕಣಿವೆಯೊಳಗಿನ ಜಲಪಾತಗಳ ಪಕ್ಕದಲ್ಲಿ, ಕೆಲವೊಮ್ಮೆ ನೀರಿನ ನಡುವೆಯೇ, ಹಗ್ಗದ ನೆರವಿನಿಂದ ಬಂಡೆಯ ಗೋಡೆಗೆ ಕಾಲೂರುತ್ತಾ ಇಳಿಯುವ ಕ್ರೀಡೆ. ಇಲ್ಲಿ ಶಿರಸ್ತ್ರಾಣ ಮತ್ತು ಸೊಂಟದ ಪಟ್ಟಿ ಕಡ್ಡಾಯ. ಮೇಲೆ ಒಬ್ಬರು, ಕೆಳಗೆ ಒಬ್ಬರು ಮಾರ್ಗದರ್ಶಕರು ಹಗ್ಗವನ್ನು ನಿಯಂತ್ರಿಸುತ್ತಾರೆ. ಹಿಂದಿನ ಅನುಭವದ ಅಗತ್ಯವಿಲ್ಲದಿದ್ದರೂ ಎತ್ತರದ ಭಯವುಳ್ಳವರಿಗೂ ಬೆನ್ನು ಮತ್ತು ಮಂಡಿಯ ತೊಂದರೆಯುಳ್ಳವರಿಗೂ ಇದು ತಕ್ಕುದಲ್ಲ.

ನದಿಯಲ್ಲಿ ತೆಪ್ಪ ಸವಾರಿ

ಗಾಳಿ ತುಂಬಿದ ರಬ್ಬರ್ ತೆಪ್ಪದಲ್ಲಿ ರಭಸದ ನದಿಯನ್ನು ಹಾಯುವ ರಾಫ್ಟಿಂಗ್‌ಗೆ ಬಾಲ್ಸಾ ಮತ್ತು ಸರಪಿಕಿ ನದಿಗಳು ಪ್ರಸಿದ್ಧವಾಗಿವೆ. ನದಿಯ ರಭಸವನ್ನು ಅಂತರರಾಷ್ಟ್ರೀಯವಾಗಿ ಒಂದರಿಂದ ಆರರವರೆಗಿನ ದರ್ಜೆಗಳಲ್ಲಿ ಅಳೆಯುತ್ತಾರೆ. ಒಂದನೆಯದು ಬಹುತೇಕ ಶಾಂತ ನೀರು. ಆರನೆಯದು ನುರಿತವರಿಗೂ ಪ್ರಾಣಾಪಾಯ ತರುವಂಥದು. ಈ ನದಿಗಳಲ್ಲಿ ಪ್ರವಾಸಿಗರಿಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕನೆಯ ದರ್ಜೆಯ ಭಾಗಗಳನ್ನು ಬಳಸಲಾಗುತ್ತದೆ. ರಭಸ ಬೇಡವೆನ್ನುವವರಿಗೆ ಪೆನ್ಯಾಸ್ ಬ್ಲಾಂಕಾಸ್ ನದಿಯಲ್ಲಿ ತೇಲುತ್ತಾ ಕೋತಿ, ಹಕ್ಕಿ, ಇಗ್ವಾನಗಳನ್ನು ನೋಡುವ ನಿಧಾನದ ಪ್ರಯಾಣವಿದೆ.

ಒಂದು ನದಿಯ ದರ್ಜೆಯು ಸ್ಥಿರವಾದುದಲ್ಲ. ಮಲೆಯ ಮೇಲೆ ಸುರಿದ ಮಳೆಯಿಂದ ಅದೇ ನದಿ ಕೆಲವೇ ಗಂಟೆಗಳಲ್ಲಿ ಮೇಲಿನ ದರ್ಜೆಗೆ ಏರಬಹುದು. ತೆಪ್ಪ ಹತ್ತುವ ಸ್ಥಳದಲ್ಲಿ ಬಿಸಿಲಿದ್ದರೂ ಮೂಲದಲ್ಲಿ ಮಳೆಯಾಗುತ್ತಿರಬಹುದು ಎಂಬುದನ್ನು ಮರೆಯಬಾರದು.

ಸರೋವರದ ಚಟುವಟಿಕೆಗಳು

ಅರೆನಾಲ್ ಸರೋವರವು ಮೊದಲು ಒಂದು ಚಿಕ್ಕ ನೈಸರ್ಗಿಕ ಸರೋವರವಾಗಿತ್ತು. 1979ರಲ್ಲಿ ಪೂರ್ಣಗೊಂಡ ಜಲವಿದ್ಯುತ್ ಯೋಜನೆಯ ಅಣೆಕಟ್ಟಿನಿಂದಾಗಿ ಅದು ಹಲವು ಪಟ್ಟು ವಿಸ್ತಾರಗೊಂಡಿತು. ಆಗ ಹಳೆಯ ಅರೆನಾಲ್ ಮತ್ತು ಟ್ರೊನಡೋರಾ ಎಂಬ ಊರುಗಳು ಮುಳುಗಡೆಯಾದವು. ಅಲ್ಲಿಯ ನಿವಾಸಿಗಳಿಗೆ ದಡದ ಮೇಲೆ ಹೊಸ ಊರುಗಳನ್ನು ಕಟ್ಟಿಕೊಡಲಾಯಿತು. ಕೆರಿಬಿಯನ್ ಕಡೆಗೆ ಹರಿಯುತ್ತಿದ್ದ ನೀರು ಈಗ ವಿದ್ಯುತ್ ಉತ್ಪಾದಿಸಿ ಪೆಸಿಫಿಕ್ ಕಡೆಗೆ ಹರಿದು, ಒಣ ಪ್ರಾಂತ್ಯವಾದ ಗ್ವಾನಕಾಸ್ಟೆಯ ಹೊಲಗಳಿಗೆ ನೀರಾವರಿ ಒದಗಿಸುತ್ತದೆ.

ಸರೋವರದ ಪಶ್ಚಿಮ ಭಾಗದಲ್ಲಿ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಬಲವಾದ ಗಾಳಿ ಒಂದೇ ಸಮನೆ ಬೀಸುತ್ತದೆ. ಹಲಗೆಗೆ ಹಾಯಿ ಕಟ್ಟಿ ನೀರಿನ ಮೇಲೆ ಸಾಗುವ ವಿಂಡ್‌ಸರ್ಫಿಂಗ್ ಮತ್ತು ಗಾಳಿಪಟದ ನೆರವಿನ ಕೈಟ್‌ಸರ್ಫಿಂಗ್ ಕ್ರೀಡೆಗಳಿಗೆ ಈ ಭಾಗ ಹೆಸರಾಗಿದೆ. ಇದೇ ಗಾಳಿಯನ್ನು ಬಳಸಿಕೊಳ್ಳಲು ಹತ್ತಿರದ ಬೆಟ್ಟಗಳ ಮೇಲೆ ಗಾಳಿಯಂತ್ರಗಳನ್ನೂ ನಿಲ್ಲಿಸಲಾಗಿದೆ. ಪೂರ್ವದ ಶಾಂತ ಭಾಗದಲ್ಲಿ ಕಯಾಕ್ ದೋಣಿ ನಡೆಸುವುದು, ಮೀನು ಹಿಡಿಯುವುದು ರೂಢಿಯಲ್ಲಿವೆ. ಲಾ ಫೋರ್ಟುನಾದಿಂದ ಮೊಂಟೆವೆರ್ಡೆಗೆ ಹೋಗುವವರು ಸರೋವರವನ್ನು ಸುತ್ತುವ ದೀರ್ಘ ರಸ್ತೆಯನ್ನು ಬಿಟ್ಟು, ದೋಣಿಯಲ್ಲಿ ಸರೋವರವನ್ನು ದಾಟಿ ಆಚೆ ದಡದಲ್ಲಿ ವಾಹನವನ್ನೇರುವುದುಂಟು.

ಗುಹಾ ಪ್ರವೇಶ

ಪಟ್ಟಣದ ವಾಯವ್ಯಕ್ಕಿರುವ ವೆನಾಡೊ ಎಂಬಲ್ಲಿ ಸುಣ್ಣದಕಲ್ಲಿನ ಗುಹೆಗಳಿವೆ. ಜ್ವಾಲಾಮುಖಿಗಳ ನಾಡಿನಲ್ಲಿ ಸುಣ್ಣದಕಲ್ಲು ಇರುವುದು, ಈ ನೆಲವು ಬಹುಕಾಲದ ಹಿಂದೆ ಸಮುದ್ರದ ತಳವಾಗಿತ್ತು ಎಂಬುದಕ್ಕೆ ಸಾಕ್ಷಿ. ಗುಹೆಯೊಳಗೆ ತೊರೆ ಹರಿಯುತ್ತದೆ. ಕೆಲವೆಡೆ ಸೊಂಟದವರೆಗಿನ ನೀರಿನಲ್ಲಿ ನಡೆಯಬೇಕು, ಕೆಲವೆಡೆ ತೆವಳಬೇಕು. ಬಾವಲಿಗಳು, ಜೇಡಗಳು ಇಲ್ಲಿಯ ಸಹಜ ನಿವಾಸಿಗಳು. ಭಾರಿ ಮಳೆಯಲ್ಲಿ ತೊರೆ ಉಕ್ಕುವುದರಿಂದ ಗುಹೆಯೊಳಗೆ ಹೋಗುವುದು ಉಚಿತವಲ್ಲ.

ರಿಯೊ ಸೆಲೆಸ್ಟೆ

ತೆನೊರಿಯೊ ಜ್ವಾಲಾಮುಖಿ ರಾಷ್ಟ್ರೀಯ ಉದ್ಯಾನದಲ್ಲಿ ಹರಿಯುವ ರಿಯೊ ಸೆಲೆಸ್ಟೆ ನದಿಯನ್ನು ಲಾ ಫೋರ್ಟುನಾದಿಂದ ಒಂದು ದಿನದ ಪ್ರವಾಸದಲ್ಲಿ ನೋಡಿಬರಬಹುದು. ಹೆಸರಿನ ಅರ್ಥ ‘ಆಕಾಶವರ್ಣದ ನದಿ’. ಬಣ್ಣವಿಲ್ಲದ ಎರಡು ತೊರೆಗಳು ಒಂದು ಸ್ಥಳದಲ್ಲಿ ಕೂಡುತ್ತಿದ್ದಂತೆಯೇ ನೀರು ತಿಳಿನೀಲಿಯಾಗಿ ಕಾಣಿಸುತ್ತದೆ. ನೀರಿನಲ್ಲಿ ಕರಗಿದ ಗಂಧಕ ಅಥವಾ ತಾಮ್ರವೇ ಇದಕ್ಕೆ ಕಾರಣವೆಂಬ ಊಹೆಗಳಿದ್ದವು. 2013ರಲ್ಲಿ ಕೋಸ್ಟಾ ರಿಕಾದ ವಿಶ್ವವಿದ್ಯಾಲಯಗಳ ಸಂಶೋಧಕರು ನಿಜವಾದ ಕಾರಣವನ್ನು ಪ್ರಕಟಿಸಿದರು. ಒಂದು ತೊರೆಯಲ್ಲಿ ಅಲ್ಯೂಮಿನಿಯಂ ಮತ್ತು ಸಿಲಿಕಾನ್‌ಗಳನ್ನೊಳಗೊಂಡ ಅತಿ ಸೂಕ್ಷ್ಮ ಖನಿಜ ಕಣಗಳಿವೆ. ಇನ್ನೊಂದು ತೊರೆಯ ನೀರು ಆಮ್ಲೀಯವಾಗಿದೆ. ಎರಡೂ ಬೆರೆತಾಗ ಕಣಗಳು ಒಂದಕ್ಕೊಂದು ಅಂಟಿಕೊಂಡು ದೊಡ್ಡವಾಗುತ್ತವೆ ಮತ್ತು ಸೂರ್ಯನ ಬೆಳಕಿನ ನೀಲಿ ಭಾಗವನ್ನು ಹೆಚ್ಚಾಗಿ ಚದುರಿಸುತ್ತವೆ. ಅಂದರೆ ಬಣ್ಣ ನೀರಿನಲ್ಲಿಲ್ಲ, ಬೆಳಕಿನಲ್ಲಿದೆ. ಉದ್ಯಾನದೊಳಗೆ ಈ ನದಿಯಲ್ಲಿ ಸ್ನಾನ ಮಾಡುವುದನ್ನು ನಿಷೇಧಿಸಲಾಗಿದೆ.

ಬಿಸಿನೀರಿನ ಬುಗ್ಗೆಗಳು

ನೆಲದೊಳಗೆ ಇಳಿದ ಮಳೆನೀರು ಜ್ವಾಲಾಮುಖಿಯ ಶಾಖದಿಂದ ಕಾದು, ಖನಿಜಗಳನ್ನು ಕರಗಿಸಿಕೊಂಡು ಬುಗ್ಗೆಗಳಾಗಿ ಹೊರಬರುತ್ತದೆ. ಟಬಕೋನ್ ನದಿಯಲ್ಲಿ ಬೆಚ್ಚನೆಯ ನೀರೇ ಹರಿಯುತ್ತದೆ. ದಿನವಿಡೀ ನಡೆದು ದಣಿದವರು ಸಂಜೆ ಈ ನೀರಿನಲ್ಲಿ ವಿಶ್ರಮಿಸುವುದು ಇಲ್ಲಿಯ ಪ್ರವಾಸದ ವಾಡಿಕೆಯ ಮುಕ್ತಾಯ. ದುಬಾರಿ ಸ್ನಾನಕೇಂದ್ರಗಳ ಜೊತೆಗೆ ಸ್ಥಳೀಯರು ಶುಲ್ಕವಿಲ್ಲದೆ ಬಳಸುವ ನದೀಪಾತ್ರವೂ ಇದೆ. ಇಂದು ವಿಹಾರಸ್ಥಳವಾಗಿರುವ ಟಬಕೋನ್, 1968ರಲ್ಲಿ ಅಳಿದುಹೋದ ಹಳ್ಳಿಯ ಹೆಸರೂ ಹೌದು.

ವನ್ಯಜೀವಿ ವೀಕ್ಷಣೆ

ಸ್ಲಾತ್ ಎಂಬ ನಿಧಾನಗತಿಯ ಪ್ರಾಣಿ, ಗಟ್ಟಿಯಾಗಿ ಕೂಗುವ ಹೌಲರ್ ಕೋತಿ, ಟೂಕನ್ ಹಕ್ಕಿ, ಕೆಂಪುಕಣ್ಣಿನ ಮರಗಪ್ಪೆ ಮೊದಲಾದವು ಈ ಪ್ರದೇಶದಲ್ಲಿ ಕಾಣಸಿಗುತ್ತವೆ. ಕಪ್ಪೆಗಳನ್ನು ನೋಡಲು ಮಾರ್ಗದರ್ಶಕರೊಡನೆ ರಾತ್ರಿ ನಡಿಗೆಯನ್ನು ಏರ್ಪಡಿಸಲಾಗುತ್ತದೆ. ಉತ್ತರಕ್ಕೆ ನಿಕರಾಗುವಾ ಗಡಿಯ ಸಮೀಪವಿರುವ ಕಾನ್ಯೊ ನೆಗ್ರೊ ಜೌಗು ಪ್ರದೇಶವು ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿದ್ದು, ಅಲ್ಲಿಗೆ ರಿಯೊ ಫ್ರಿಯೊ ನದಿಯ ಮೂಲಕ ದೋಣಿಯಲ್ಲಿ ಹೋಗಿ ಮೊಸಳೆಯ ಜಾತಿಯ ಕೇಮನ್‌ಗಳನ್ನೂ ನೀರುಹಕ್ಕಿಗಳನ್ನೂ ನೋಡಬಹುದು.

ಅಪಾಯಗಳು ಮತ್ತು ಸುರಕ್ಷತೆ

ಅರೆನಾಲ್ ಸಕ್ರಿಯವಾಗಿದ್ದ ಕಾಲದಲ್ಲಿ ಪ್ರವಾಸಿಗರು ಪ್ರಾಣ ಕಳೆದುಕೊಂಡ ಉದಾಹರಣೆಗಳಿವೆ. 1988ರಲ್ಲಿ ಶಿಖರದತ್ತ ಏರುತ್ತಿದ್ದ ಪ್ರವಾಸಿಯೊಬ್ಬರು ಸ್ಫೋಟಕ್ಕೆ ಬಲಿಯಾದರು. 2000ದ ಆಗಸ್ಟ್ 23ರಂದು ಕಾದ ಅನಿಲ ಮತ್ತು ಬೂದಿಯ ಪ್ರವಾಹವು ಇಳಿಜಾರಿನಲ್ಲಿ ಧಾವಿಸಿದಾಗ ಒಬ್ಬ ಸ್ಥಳೀಯ ಮಾರ್ಗದರ್ಶಕರೂ ಪ್ರವಾಸಿಗರ ಗುಂಪಿನ ಒಂದು ಮಗುವೂ ಮೃತಪಟ್ಟರು. ಇಂತಹ ಪ್ರವಾಹದ ವೇಗವು ಓಡುವ ಮನುಷ್ಯನ ವೇಗಕ್ಕಿಂತ ಬಹುಪಾಲು ಹೆಚ್ಚು. ಆದುದರಿಂದ ಅದು ಕಾಣಿಸಿದ ಮೇಲೆ ತಪ್ಪಿಸಿಕೊಳ್ಳುವೆನೆಂಬುದು ಹುಸಿ ಭರವಸೆ. ನಿಷೇಧಿತ ವಲಯದಿಂದ ದೂರವಿರುವುದೊಂದೇ ರಕ್ಷಣೆ.

ಪರ್ವತ ಶಾಂತವಾಗಿರುವ ಈಗಲೂ ಈ ಮಾತು ಅನ್ವಯಿಸುತ್ತದೆ. 2019ರ ಡಿಸೆಂಬರ್ 9ರಂದು ನ್ಯೂಜಿಲೆಂಡಿನ ವಕಾರಿ ದ್ವೀಪದ ಜ್ವಾಲಾಮುಖಿಯು ಪ್ರವಾಸಿಗರು ಅದರ ಕುಂಡದೊಳಗೆ ಇದ್ದಾಗಲೇ ಸ್ಫೋಟಿಸಿ 22 ಮಂದಿ ಸತ್ತರು. ಕೋಸ್ಟಾ ರಿಕಾದಲ್ಲಿಯೇ ಪೊವಾಸ್ ಜ್ವಾಲಾಮುಖಿಯು 2017ರಲ್ಲಿ ಸ್ಫೋಟಿಸಿದ್ದರಿಂದ ಅದರ ಉದ್ಯಾನವನ್ನು ಮುಚ್ಚಲಾಯಿತು. 2018ರಲ್ಲಿ ಮತ್ತೆ ತೆರೆದಾಗ ಶಿರಸ್ತ್ರಾಣವನ್ನು ಕಡ್ಡಾಯಗೊಳಿಸಿ, ಕುಂಡದ ಬಳಿ ನಿಲ್ಲುವ ಸಮಯವನ್ನು ಮಿತಿಗೊಳಿಸಲಾಯಿತು. ಅರೆನಾಲ್ ಸೇರಿದಂತೆ ದೇಶದ ಜ್ವಾಲಾಮುಖಿಗಳನ್ನು ರಾಷ್ಟ್ರೀಯ ವಿಶ್ವವಿದ್ಯಾಲಯದ ವೀಕ್ಷಣಾಲಯವು ಕಂಪನಮಾಪಕ ಮುಂತಾದ ಸಾಧನಗಳಿಂದ ಗಮನಿಸುತ್ತಿರುತ್ತದೆ.

ಆದರೂ ದೈನಂದಿನ ಅಪಾಯವು ಬೆಂಕಿಗಿಂತ ಹೆಚ್ಚಾಗಿ ನೀರಿನಿಂದ ಬರುತ್ತದೆ. 2018ರ ಅಕ್ಟೋಬರ್‌ನಲ್ಲಿ ದೇಶದ ಪೆಸಿಫಿಕ್ ಕರಾವಳಿಯ ಕೆಪೋಸ್ ಸಮೀಪ, ಮಳೆಯಿಂದ ಉಕ್ಕಿದ್ದ ನರಾಂಹೊ ನದಿಯಲ್ಲಿ ತೆಪ್ಪಗಳು ಮಗುಚಿ ನಾಲ್ವರು ಪ್ರವಾಸಿಗರೂ ಒಬ್ಬ ಮಾರ್ಗದರ್ಶಕರೂ ಮುಳುಗಿಹೋದರು. ಅರೆನಾಲ್ ಪ್ರದೇಶದ ನದಿಗಳಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ.

ಪ್ರವಾಸಿಗರು ಗಮನಿಸಬೇಕಾದ ಮುಖ್ಯ ಅಂಶಗಳು ಇವು:

- ಚಟುವಟಿಕೆ ನಡೆಸುವ ಸಂಸ್ಥೆಗೆ ಪರವಾನಗಿ ಮತ್ತು ವಿಮೆ ಇವೆಯೇ ಎಂದು ಮೊದಲೇ ಕೇಳಿ ತಿಳಿಯಬೇಕು.
- ಹವಾಮಾನದ ಕಾರಣದಿಂದ ಕಾರ್ಯಕ್ರಮ ರದ್ದಾದರೆ ಹಣ ಹಿಂದಿರುಗುವುದೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಹಣ ನಷ್ಟವಾಗುವುದೆಂಬ ಚಿಂತೆಯಿಂದಲೇ ಅನೇಕರು ಅಪಾಯದ ದಿನದಲ್ಲಿಯೂ ಹೊರಡುತ್ತಾರೆ.
- ಶಿರಸ್ತ್ರಾಣ, ಜೀವರಕ್ಷಕ ಕವಚ, ಪಟ್ಟಿಗಳು ಸವೆದಿಲ್ಲವೆಂಬುದನ್ನು ಸ್ವತಃ ನೋಡಬೇಕು.
- ಹೃದಯದ ತೊಂದರೆ, ಗರ್ಭಾವಸ್ಥೆ, ಈಜು ಬಾರದಿರುವುದು ಇವುಗಳನ್ನು ಮಾರ್ಗದರ್ಶಕರಿಂದ ಮುಚ್ಚಿಡಬಾರದು.
- ಕಾಡಿನ ದಾರಿಯಲ್ಲಿ ಮುಚ್ಚಿದ ಪಾದರಕ್ಷೆ ಧರಿಸಬೇಕು. ನೋಡದೆ ಎಲ್ಲಿಯೂ ಕೈಯೂರಬಾರದು. ತೆರ್ಸಿಯೊಪೆಲೊ ಎಂಬ ಘೋರ ವಿಷದ ಮಂಡಲಹಾವು ಈ ಪ್ರದೇಶದಲ್ಲಿದೆ.
- ಡೆಂಗಿ ಜ್ವರವಿರುವ ದೇಶವಾದುದರಿಂದ ಸೊಳ್ಳೆಗಳಿಂದ ರಕ್ಷಣೆ ಪಡೆಯಬೇಕು.
- ಉಷ್ಣವಲಯದಲ್ಲಿ ವರ್ಷವಿಡೀ ಸಂಜೆ ಸುಮಾರು ಆರು ಗಂಟೆಗೆ ಕತ್ತಲಾಗುವುದರಿಂದ ಮಧ್ಯಾಹ್ನದ ಬಳಿಕ ದೀರ್ಘ ಚಾರಣ ಆರಂಭಿಸಬಾರದು.
- ತುರ್ತು ಸಂದರ್ಭದಲ್ಲಿ ಕೋಸ್ಟಾ ರಿಕಾದಾದ್ಯಂತ 911 ಸಂಖ್ಯೆಗೆ ಕರೆ ಮಾಡಬಹುದು.

ಮುಚ್ಚಿದ ದಾರಿಗಳಲ್ಲಿ ಕದ್ದು ಹೋಗಿ ದಾರಿ ತಪ್ಪಿದವರನ್ನು ಹುಡುಕಲು ರೆಡ್ ಕ್ರಾಸ್ ಕಾರ್ಯಕರ್ತರು ಕತ್ತಲೆಯಲ್ಲಿ, ಮಳೆಯಲ್ಲಿ ಹೊರಡಬೇಕಾಗುತ್ತದೆ. ನಿಯಮವನ್ನು ಮೀರಿದವರ ಅಪಾಯ ಅವರೊಬ್ಬರದೇ ಆಗಿ ಉಳಿಯುವುದಿಲ್ಲ.

ಸ್ಥಳೀಯ ಜನಜೀವನ ಮತ್ತು ಪರಿಸರ

ಲಾ ಫೋರ್ಟುನಾ ಜಲಪಾತವನ್ನು ಊರಿನ ಸಮಗ್ರ ಅಭಿವೃದ್ಧಿ ಸಂಘವು ನಿರ್ವಹಿಸುತ್ತದೆ. ಪ್ರವೇಶ ಶುಲ್ಕದಿಂದ ಬರುವ ಆದಾಯವನ್ನು ಊರಿನ ಸಾರ್ವಜನಿಕ ಕೆಲಸಗಳಿಗೆ ಬಳಸಲಾಗುತ್ತದೆ. ಪ್ರವಾಸಿಗರ ಹಣ ಊರಿನಲ್ಲಿಯೇ ಉಳಿಯುವುದಕ್ಕೆ ಇದೊಂದು ಉತ್ತಮ ನಿದರ್ಶನ.

ಉತ್ತರದ ಗ್ವಾತುಸೊ ಪ್ರದೇಶದಲ್ಲಿ ಮಾಲೆಕು ಎಂಬ ಮೂಲನಿವಾಸಿ ಸಮುದಾಯವು ಮೂರು ಚಿಕ್ಕ ನೆಲೆಗಳಲ್ಲಿ ವಾಸಿಸುತ್ತಿದೆ. ಹಗುರವಾದ ಬಾಲ್ಸಾ ಮರದಲ್ಲಿ ಕೆತ್ತಿದ ಬಣ್ಣದ ಮುಖವಾಡಗಳು ಅವರ ಕರಕುಶಲತೆಯ ಗುರುತು. ಅವರ ಭಾಷೆಯನ್ನಾಡುವವರು ಕೆಲವೇ ನೂರು ಮಂದಿ.

ಪ್ರವಾಸೋದ್ಯಮದಿಂದ ತೊಂದರೆಗಳೂ ಉಂಟಾಗಿವೆ. ಹಿಂದೆ ಮೊಂಟೆವೆರ್ಡೆಗೆ ಹೋಗುವ ಕೆಸರಿನ ಕಡಿದಾದ ದಾರಿಗಳಲ್ಲಿ ಸವಾರರನ್ನು ಹೊತ್ತ ಕುದುರೆಗಳು ಬಳಲುತ್ತಿದ್ದುದು ಟೀಕೆಗೆ ಗುರಿಯಾಗಿತ್ತು. ಪ್ರಾಣಿಗಳನ್ನು ಹಿಡಿದು ಅವುಗಳೊಡನೆ ಛಾಯಾಚಿತ್ರ ತೆಗೆಸಿಕೊಳ್ಳುವ ಚಾಳಿಯ ವಿರುದ್ಧ ಕೋಸ್ಟಾ ರಿಕಾ ಸರಕಾರವು 2019ರಲ್ಲಿ ಪ್ರಚಾರ ಕೈಗೊಂಡಿತು. ಅದಕ್ಕೂ ಮೊದಲು, 2012ರಲ್ಲಿ, ಮನರಂಜನೆಗಾಗಿ ಬೇಟೆಯಾಡುವುದನ್ನು ದೇಶದಲ್ಲಿ ನಿಷೇಧಿಸಲಾಯಿತು.

ಮತ್ತೊಂದೆಡೆ, ಕಾಡನ್ನು ಉಳಿಸಿದರೆ ಬದುಕು ನಡೆಯುತ್ತದೆಂಬ ಅರಿವನ್ನು ಇದೇ ಪ್ರವಾಸೋದ್ಯಮ ಬೆಳೆಸಿತು. ದನಗಳ ಮೇವಿಗಾಗಿ ಕಾಡು ಕಡಿದುದರಿಂದ 1980ರ ದಶಕದಲ್ಲಿ ದೇಶದ ಅರಣ್ಯ ತೀವ್ರವಾಗಿ ಕುಗ್ಗಿತ್ತು. 1996ರ ಅರಣ್ಯ ಕಾಯಿದೆಯು ಕಾಡನ್ನು ಕಾಪಾಡುವ ಭೂಮಾಲೀಕರಿಗೆ ಹಣ ಸಂದಾಯ ಮಾಡುವ ವ್ಯವಸ್ಥೆಯನ್ನು ತಂದಿತು. ಇಂದು ದೇಶದ ಭೂಭಾಗದ ಅರ್ಧಕ್ಕೂ ಹೆಚ್ಚು ಪಾಲು ಮತ್ತೆ ಮರಗಳಿಂದ ಆವೃತವಾಗಿದೆ. ಅರೆನಾಲ್ ಸುತ್ತಲಿನ ಎಷ್ಟೋ ಖಾಸಗಿ ಕಾಡುಗಳು ಒಂದು ಕಾಲದ ಹುಲ್ಲುಗಾವಲುಗಳೇ.

ಇಂದಿನ ಸ್ಥಿತಿ

2010ರಿಂದೀಚೆಗೆ ಅರೆನಾಲ್‌ನ ಶಿಖರದಿಂದ ಆಗಾಗ ಆವಿ ಏಳುವುದನ್ನು ಬಿಟ್ಟರೆ ಗಮನಾರ್ಹ ಚಟುವಟಿಕೆ ಕಂಡುಬಂದಿಲ್ಲ. 1968ಕ್ಕೆ ಮುಂಚೆಯೂ ಪರ್ವತ ಹೀಗೆಯೇ ಮೌನವಾಗಿತ್ತು. ಅಂದಿಗೂ ಇಂದಿಗೂ ಇರುವ ವ್ಯತ್ಯಾಸವೆಂದರೆ, ಅದರ ಮೇಲೆ ಈಗ ನಿರಂತರ ನಿಗಾ ಇದೆ. ಅಪಾಯದ ವಲಯಗಳನ್ನು ಗುರುತಿಸಲಾಗಿದೆ. ಅದು ಬರಿಯ ಬೆಟ್ಟವಲ್ಲವೆಂಬುದು ತಪ್ಪಲಿನ ಜನರಿಗೆ ತಿಳಿದಿದೆ. ಈ ತಿಳಿವಳಿಕೆಯನ್ನು ಪ್ರತಿ ವರ್ಷ ಹೊಸದಾಗಿ ಬರುವ ಪ್ರವಾಸಿಗರಿಗೂ ತಲುಪಿಸುವುದು ಇಲ್ಲಿಯ ಮಾರ್ಗದರ್ಶಕರ ಮುಖ್ಯ ಹೊಣೆಗಳಲ್ಲಿ ಒಂದಾಗಿದೆ.